ಮ್ಯಾಕ್‌ಮಿಲನ್ ನಂತರ ಯಾರು?

…ಇಲ್ಲ, ಚಹಾ ಬೇಡ. ಶರಬತ್ತೂ ಬೇಡ. ಎಸಿ ಸ್ವಲ್ಪ ಜೋರು ಮಾಡಿ, ಅಷ್ಟು ಸಾಕು. ಒಮಾನಿನ ಈ ರುಸ್ತಾಕ್‌ನ ಮೇ ತಿಂಗಳು! ಕಾರಿನಿಂದ ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಸೀರೆ ಮೈಗೆ ಅಂಟಿತು. ಕುಳಿತುಕೊಳ್ಳಿ, ಮಿಸೆಸ್ ಸುಂದರಿ ಭೋಜರಾಜ. ಈ ಡೊರೊತಿ ಸುಮ್ಮನೆ ಒಬ್ಬರ ಮನೆಗೆ ಹೋಗುವವಳಲ್ಲ, ನಿಮಗೆ ಗೊತ್ತಿದೆ. ನಾವು ಎಂಥ ಮನೆಯವರು ಎಂಬುದೂ ಗೊತ್ತಿರಲಿ. ನನ್ನ ಅಜ್ಜ ಇಪ್ಪತ್ತಾರು ವರ್ಷ ನಮ್ಮ ಇಗರ್ಜಿಯ ಗುರ್ಕಾರ್, ಅಂದರೆ ಮುಖಂಡ. ಊರಿನಲ್ಲಿ ಜಗಳವಾದರೆ ಜನ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ, ನಮ್ಮ ಜಗಲಿಗೆ ಬರುತ್ತಿದ್ದರು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಆಫೀಸಿನ ಒಂದು ಪೆನ್ಸಿಲ್ ಮನೆಗೆ ತಂದವರಲ್ಲ. ಅಜ್ಜಿ, ಅಮ್ಮ, ನಾನು, ಮೂವರೂ ಮಂಗಳೂರಿನಲ್ಲಿ ಒಂದೇ ಕಾನ್ವೆಂಟು. ಇನ್ನು ನನ್ನ ಗಂಡ ಫ್ರೆಡ್ಡಿ… ಅವರ ಕಫೀಲ್, ವೀಸಾ ಕೊಟ್ಟ ಅರಬಿ ಯಜಮಾನ, ಹಜ್‌ಗೆ ಹೋಗುವಾಗ ಅಂಗಡಿಯ ಬೀಗದ ಕೈ ಸ್ವಂತ ತಮ್ಮನಿಗೆ ಕೊಡಲಿಲ್ಲ, ಫ್ರೆಡ್ಡಿಗೆ ಕೊಟ್ಟ!

ಯಾಕೆ ನಗುತ್ತೀರಿ? ನಗಲಿಲ್ಲವೇ? ಸರಿ. ತುಟಿ ಅಲ್ಲಾಡಿತು, ಅದಕ್ಕೆ ಕೇಳಿದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಬಳಗದ ಮಕ್ಕಳ ಕ್ವಿಜ್. ಮೊನ್ನೆ ಬ್ರಿಟನ್ನಿನ ಚುನಾವಣೆಯಲ್ಲಿ ಬ್ಲೇರ್ ಮೂರನೆಯ ಸಲ ಗೆದ್ದರಲ್ಲ, ಅದಕ್ಕೇ ಮಸ್ಕತ್‌ನವರು ‘ಬ್ರಿಟಿಷ್ ಪ್ರಧಾನಿಗಳು ಮತ್ತು ಅವರ ಪಕ್ಷಗಳು’ ಎಂದು ವಿಷಯ ಕೊಟ್ಟರು. ಇಲ್ಲಿಂದ ಒಂದೇ ಮಗು ಫೈನಲ್‌ಗೆ ಹೋಗಬೇಕು. ಇಪ್ಪತ್ತು ಪ್ರಶ್ನೆ ತೆಗೆಯುವವರು ಯಾರು? ಎಲ್ಲರೂ ನನ್ನತ್ತ ಕೈ ತೋರಿಸಿದಿರಿ. ನೀವೂ ತೋರಿಸಿದಿರಿ, ನಾನು ನೋಡಿದೆ.

ಈಗ ಇದನ್ನು ನೋಡಿ. ನಿಮ್ಮ ಪ್ರಣೀತಾಳ ಪೇಪರು. ಹದಿನಾಲ್ಕನೆಯ ಪ್ರಶ್ನೆ: ಮ್ಯಾಕ್‌ಮಿಲನ್ ನಂತರ ಪ್ರಧಾನಿಯಾದವರು ಯಾರು, ಯಾವ ಪಕ್ಷ? ಮೊದಲು ಏನು ಬರೆದಿದ್ದಾಳೆ? ಡಗ್ಲಸ್-ಹೋಮ್, ಕನ್ಸರ್ವೇಟಿವ್. ಸರಿಯುತ್ತರ! ಅದರ ಮೇಲೆ ಗೆರೆ ಹೊಡೆದು ಕೆಳಗೆ… ಓದಿ, ಓದಿ… ವಿಲ್ಸನ್, ಲೇಬರ್. ತಪ್ಪು. ವಿಲ್ಸನ್ ಬಂದದ್ದು ಡಗ್ಲಸ್-ಹೋಮ್ ಆದ ಮೇಲೆ. ಸರಿ ಗೊತ್ತಿದ್ದ ಹುಡುಗಿ ಅದನ್ನು ಹೊಡೆದು ಹಾಕಿ ತಪ್ಪನ್ನು ಯಾಕೆ ಬರೆಯುತ್ತಾಳೆ, ಮಿಸೆಸ್ ಭೋಜರಾಜ?

ನಾನು ಹೇಳುತ್ತೇನೆ. ನನ್ನ ಉತ್ತರಪಟ್ಟಿಯಲ್ಲಿ ವಿಲ್ಸನ್ ಎಂದೇ ಇತ್ತು! ಹೌದು, ನನ್ನ ತಪ್ಪು. ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಡಾಕ್ಟರ ಹೆಂಡತಿ ಲಲಿತಮ್ಮ ಎನ್‌ಸೈಕ್ಲೋಪೀಡಿಯಾ ತೆಗೆದು ಎಲ್ಲರೆದುರು ತೋರಿಸಿಯೂ ಆಯಿತು, ಮೈಸೂರಿನವರ ಸಂಭ್ರಮ ಕೇಳಬೇಕೇ! ಏನಾಯಿತೆಂದರೆ, ಒಂಬತ್ತನೆಯಲ್ಲಿ ನನಗೆ ಮಂಗನಬಾವು ಬಂದು ಎಂಟು ದಿನ ಕ್ಲಾಸಿಗೆ ಹೋಗಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಿಲ್ಡಾಳ ನೋಟ್ಸ್ ನೋಡಿ ಬರೆದುಕೊಂಡೆ. ಅವಳು ಒಬ್ಬರನ್ನು ಬಿಟ್ಟಿದ್ದಳು. ಮೂವತ್ತನಾಲ್ಕು ವರ್ಷ ಹಾಗೆಯೇ ಬಾಯಿಪಾಠ ಹೇಳಿದ್ದೇನೆ… ಅಟ್ಲೀ, ಚರ್ಚಿಲ್, ಈಡನ್, ಮ್ಯಾಕ್‌ಮಿಲನ್, ವಿಲ್ಸನ್, ಹೀತ್! ಪಾಪ ಡಗ್ಲಸ್-ಹೋಮ್, ಪ್ರಧಾನಿಯಾಗಲು ಅರ್ಲ್ ಪದವಿಯನ್ನೇ ಬಿಟ್ಟುಕೊಟ್ಟ ದೊಡ್ಡ ಮನೆತನದ ಮನುಷ್ಯ. ವರ್ಷ ತುಂಬುವ ಮೊದಲೇ ಇಳಿದರು ಎಂದು ಹೆಸರನ್ನೇ ಬಿಟ್ಟುಬಿಡುವುದೇ? ಹಿಲ್ಡಾ ಯಾವಾಗಲೂ ಹಾಗೆಯೇ.

ಇರಲಿ. ಈ ತಪ್ಪು ಇರುವುದು ಎರಡೇ ಕಡೆ: ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ, ನನ್ನ ಉತ್ತರಪಟ್ಟಿಯಲ್ಲಿ. ಮಕ್ಕಳಿಗೆ ಓದಲು ಕೊಟ್ಟ ಪುಸ್ತಕದಲ್ಲಿ ಇಲ್ಲ. ಹಾಗಾದರೆ ನಿಮ್ಮ ಮಗಳಿಗೆ ಅದು ಎಲ್ಲಿಂದ ಬಂತು?

ಸೋಮವಾರ ನೀವು ಬಂಗುಡೆ ಮೀನು ಕೊಡಲು ನಮ್ಮಲ್ಲಿಗೆ ಬಂದಿದ್ದಿರಿ. ನಾನು ಒಳಗೆ ಡಬ್ಬ ತೊಳೆಯುತ್ತಿದ್ದೆ. ಹಾಲಿನಲ್ಲಿ ನೀವು ಒಬ್ಬರೇ. ಪಟ್ಟಿ ಇದ್ದದ್ದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ. ನಾನು ಏನೂ ಹೇಳುತ್ತಿಲ್ಲ, ಸುಂದರಿ. ನೀವು ಹೋದ ಮೇಲೆ ಆ ಡ್ರಾಯರ್ ಅರ್ಧ ಇಂಚು ಹೊರಗೆ ಬಂದಿತ್ತು, ಅಷ್ಟೇ ಹೇಳುತ್ತಿದ್ದೇನೆ. ನಾನು ಯಾವತ್ತೂ ಡ್ರಾಯರನ್ನು ಅರ್ಧ ಇಂಚು ಬಿಡುವವಳಲ್ಲ.

ಹಾಗೆ ಕಣ್ಣು ದೊಡ್ಡದು ಮಾಡಬೇಡಿ. ಬಾಯಿ ಬಿಟ್ಟು ಹೇಳಿ. ಹೇಳುವುದಿಲ್ಲವೇ? ಸರಿ.

ನಾನು ಗದ್ದಲ ಮಾಡಲು ಬಂದದ್ದಲ್ಲ. ಒಂದು ಚೀಟಿ ಸಾಕು. ‘ತಪ್ಪಾಯಿತು’ ಎಂದು ನಿಮ್ಮ ಮಗಳು ಬರೆದು ಸಹಿ ಹಾಕಲಿ, ಅದು ನನ್ನ ಹತ್ತಿರವೇ ಇರುತ್ತದೆ. ಮಸ್ಕತ್‌ಗೆ ಫೋನ್ ಮಾಡಿ, ಹುಡುಗಿಗೆ ಆರೋಗ್ಯ ಸರಿಯಿಲ್ಲ ಎನ್ನುತ್ತೇನೆ. ಸುಯೆಜ್ ಕಾಲುವೆಯ ಗಲಾಟೆ ಆದ ಮೇಲೆ ಈಡನ್ ಇಳಿದದ್ದೂ ಆರೋಗ್ಯ ಸರಿಯಿಲ್ಲವೆಂದೇ, ಮ್ಯಾಕ್‌ಮಿಲನ್ ಇಳಿದದ್ದೂ ಹಾಗೆಯೇ. ಮರ್ಯಾದೆಯಿಂದ ಹೋಗುವುದೆಂದರೆ ಅದು. ಗುರುವಾರ ಫೈನಲ್‌ಗೆ ನಮ್ಮ ಇಸಾಬೆಲ್ಲಾ ಹೋಗುತ್ತಾಳೆ. ನನ್ನ ಮಗಳೆಂದು ಕಳಿಸುತ್ತಿಲ್ಲ, ಮಾರಾಯ್ತಿ! ತಿದ್ದಿದ ಮೇಲೆ ಇಬ್ಬರಿಗೂ ಇಪ್ಪತ್ತಕ್ಕೆ ಹತ್ತೊಂಬತ್ತು. ಒಬ್ಬಳು ಕದ್ದು ಬರೆದವಳಾದರೆ ಇನ್ನೊಬ್ಬಳು ಹೋಗಬೇಡವೇ?

ಏನು? ಯಾಕೆ ಹಾಗೆ ತಲೆಯೆತ್ತಿ ನೋಡಿದಿರಿ?

ಹತ್ತೊಂಬತ್ತು ಎಂದೆ. ಹೌದು. ಅವಳೂ ಒಂದು ತಪ್ಪು ಮಾಡಿದ್ದಾಳೆ. ಯಾವುದೋ ಒಂದು… ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಶ್ನೆ ಇರಬೇಕು. ಸ್ವಂತ ಲೇಬರ್ ಪಕ್ಷವೇ ಹೊರಗೆ ಹಾಕಿತಲ್ಲ ಅವರನ್ನು, ಮಕ್ಕಳಿಗೆ ಅದು ಗೊಂದಲವೇ. ನನಗೆ ಸರಿಯಾಗಿ ನೆನಪಿಲ್ಲ.

ಆ ಪೇಪರಿನ ಕಟ್ಟು ಕೆಳಗಿಡಿ. ನೋಡಬಹುದು, ನೋಡಬಹುದು, ಎಲ್ಲರ ಪೇಪರೂ ತಂದಿದ್ದೇನೆ, ಬೇರೆ ಯಾರೂ ವಿಲ್ಸನ್ ಎಂದು ಬರೆದಿಲ್ಲ ಎಂದು ತೋರಿಸಲಿಕ್ಕೇ ತಂದದ್ದು. ಆದರೆ ಅದೇನು, ಎಣಿಸುತ್ತಿದ್ದೀರಾ?

ಹತ್ತು ಬೆರಳು ಎತ್ತಿ ತೋರಿಸಬೇಡಿ, ನನಗೂ ಲೆಕ್ಕ ಬರುತ್ತದೆ. ಹನ್ನೊಂದು ಮಕ್ಕಳು, ಗೊತ್ತು. ನೀವೇ ಹನ್ನೊಂದು ಪೊಟ್ಟಣ ಗೋಳಿಬಜೆ ಕಟ್ಟಿ ತಂದದ್ದು, ಅದೂ ಗೊತ್ತು. ಇನ್ನೊಂದು… ಇನ್ನೊಂದು ಪೇಪರು ಮನೆಯಲ್ಲಿ ಉಳಿದಿರಬೇಕು. ಫ್ರೆಡ್ಡಿಯ ಫೈಲಿನಲ್ಲಿ ಸೇರಿರಬಹುದು.

ನನ್ನ ಬ್ಯಾಗನ್ನು ಯಾಕೆ ನೋಡುತ್ತೀರಿ?

ಸುಂದರಿ… ಬ್ಯಾಗನ್ನು ಯಾಕೆ ನೋಡುತ್ತೀರಿ?

ಸರಿ. ಬ್ಯಾಗಿನಲ್ಲಿದೆ. ಇದ್ದರೇನಾಯಿತು? ತಾಯಿ ಮಗಳ ಪೇಪರನ್ನು ಬೇರೆ ಇಟ್ಟರೆ ಅದು ಅಪರಾಧವೇ? ಹೌದು, ಅವಳೂ ವಿಲ್ಸನ್ ಎಂದು ಬರೆದಿದ್ದಾಳೆ. ಗೆರೆ ಹೊಡೆಯದೆ, ಚಿತ್ತಿಲ್ಲದೆ, ಒಂದೇ ಸಲಕ್ಕೆ. ಆ ಪಟ್ಟಿಯ ಶುದ್ಧ ಪ್ರತಿ ಮಾಡಿಕೊಟ್ಟವಳು ಅವಳೇ. ನನಗೆ ಈಗೀಗ ಬರೆಯುವಾಗ ಕೈ ನಡುಗುತ್ತದೆ, ಅವಳ ಅಕ್ಷರ ಮುತ್ತಿನ ಹಾಗೆ. ಬರಿ, ಆದರೆ ನೆನಪಿಡಬೇಡ ಎಂದು ಹೇಳಿದ್ದೆ. ಸ್ಪಷ್ಟವಾಗಿ ಹೇಳಿದ್ದೆ!

ಹಾಗೆ ನೋಡಬೇಡಿ ಎಂದೆನಲ್ಲ.

ಅವರಿಬ್ಬರನ್ನು ಅಕ್ಕಪಕ್ಕ ಕೂರಿಸಿದವಳೂ ನಾನೇ. ಒಟ್ಟಿಗೆ ಶಾಲೆಗೆ ಹೋಗುವ ಮಕ್ಕಳಲ್ಲವೇ ಎಂದು. ಗೆಳತಿ ತಪ್ಪು ಬರೆಯುತ್ತಿದ್ದಾಳೆ ಎಂದು ಇಸಾಬೆಲ್ಲಾಳಿಗೆ ಕಂಡಿರಬೇಕು… ‘ಮಮ್ಮಿಯ ಪಟ್ಟಿಯಲ್ಲಿ ವಿಲ್ಸನ್’ ಎಂದು ಮೆಲ್ಲಗೆ ಒಂದು ಮಾತು… ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ನಿಮ್ಮ ಪೆದ್ದು ಹುಡುಗಿ ನಂಬಿದಳು. ಡೊರೊತಿ ಮಿಸ್ ಬರೆದದ್ದು ತಪ್ಪಿರಲಾರದು ಎಂದು, ತಾನು ಓದಿದ ಸರಿಯುತ್ತರದ ಮೇಲೆ ತಾನೇ ಗೆರೆ ಎಳೆದಳು.

ನಿಮಗೆ ಇದೆಲ್ಲ ಗೊತ್ತಿತ್ತು. ಅಲ್ಲವೇ? ಪ್ರಣೀತಾ ಬಂದು ಹೇಳಿದ್ದಾಳೆ. ಬಾಗಿಲು ತೆರೆದಾಗಿನಿಂದ ಗೊತ್ತಿದ್ದೂ, ನನ್ನ ಅಜ್ಜನ ವಿಷಯ, ಡ್ರಾಯರಿನ ವಿಷಯ, ಎಲ್ಲವನ್ನೂ ಹೇಳಲು ಬಿಟ್ಟು ಸುಮ್ಮನೆ ಕುಳಿತಿರಿ.



ಬ್ಯಾಗ್ ಕೊಡಿ. ನಾನು ಹೊರಟೆ. ಇಲ್ಲ, ಬಾಗಿಲವರೆಗೆ ಬರುವುದು ಬೇಡ, ಕುಳಿತಲ್ಲಿಯೇ ಕೇಳಿ. ಗುರ್ಕಾರರ ಮೊಮ್ಮಗಳು ನಿಮ್ಮ ಮುಂದೆ ಪೇಪರ್ ಇಟ್ಟಳು. ಅವಳ ಮಾತು ನಂಬದೆ ನೀವು ಎಣಿಸಿದಿರಿ. ಅವಳ ಎದುರಿಗೇ, ಒಂದೊಂದಾಗಿ ಎಣಿಸಿದಿರಿ, ಮಿಸೆಸ್ ಭೋಜರಾಜ.

ಕ್ಷಮೆ ಕೇಳಿ.