ಮೂರು ಎಣಿಸದ ದೊಡ್ಡಪ್ಪ

ನಂಬದವರು ಈಗಲೇ ಎದ್ದು ಹೋಗಬಹುದು. ಬಾಗಿಲು ತೆಗೆದೇ ಇದೆ... ಹೊರಗೆ ಕತ್ತಲೂ ಇದೆ. ಕೂತವರು ಮಾತ್ರ ನಡುವೆ ಬಾಯಿ ಹಾಕಬೇಡಿ. ಇದು ನನ್ನ ದೊಡ್ಡಮ್ಮನ ಮನೆಯಲ್ಲಿ ಆದದ್ದು. ದೊಡ್ಡಮ್ಮನ ಮಗಳು, ನನಗೆ ಅಕ್ಕ ಆಗಬೇಕು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಿಡಿಯುವ ಕಣ್ಣು ಅವಳದು. ಇಲ್ಲದ್ದನ್ನು ಕಂಡೆ, ಕೇಳಿದೆ ಅನ್ನುವವಳೇ ಅಲ್ಲ.

ಅವತ್ತು ಅಕ್ಕ ಅಂಗಡಿ ಮುಗಿಸಿ ಬರುವಾಗ ಎಂಟು ದಾಟಿತ್ತು. ಅವರ ಬೀದಿಯ ತಿರುವಿನಲ್ಲಿ ಒಂದು ಹಳೆಯ ಬಾವಿ ಇದೆ. ಈಗ ನೀರು ಸೇದುವವರಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಒಳಗೆ ಪಾರಿವಾಳಗಳ ಸಂಸಾರ. ಅವಳ ಚಪ್ಪಲಿ ಸದ್ದಿಗೆ ದಿನಾ ಪಟಪಟ ಅಂತ ರೆಕ್ಕೆ ಬಡಿಯುತ್ತಿದ್ದವು. ಅವತ್ತು ಬಡಿಯಲಿಲ್ಲ... ಅವಳು ನಿಂತಳು. ಬಾವಿಯ ಒಳಗಿಂದ ಏನೋ ಕೇಳುತ್ತಿತ್ತು.

ಟೊಕ್... ಟೊಕ್.

ಫೂ... ಫೂ...

ಆಮೇಲೆ ಒಂದು ಗಂಡು ದನಿ. "ಹಲೋ... ಒಂದು... ಎರಡು..."

ಅಷ್ಟೇ. ಮೂರು ಬರಲಿಲ್ಲ.

ಅಕ್ಕನ ಕೈಯಲ್ಲಿದ್ದ ಊಟದ ಡಬ್ಬಿ ಠಣ್ ಅಂತ ಕೆಳಗೆ ಬಿತ್ತು. ಎರಡಕ್ಕೇ ಎಣಿಕೆ ನಿಲ್ಲಿಸುತ್ತಿದ್ದ ಮೈಕ್‌ಸೆಟ್‌ನವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಅವಳ ಅಪ್ಪ. ಅಂದರೆ ನನ್ನ ದೊಡ್ಡಪ್ಪ. ಅವರು ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು.

ದೊಡ್ಡಪ್ಪನ ವಿಷಯ ಸ್ವಲ್ಪ ಹೇಳಬೇಕು. ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ಮದುವೆ, ಸಭೆ, ಶಾಲೆಯ ನಾಟಕ, ಎಲ್ಲಿಗೆ ಕರೆದರೂ ತಾವೇ ಹೋಗಿ ವೈರ್ ಎಳೆಯಬೇಕು. "ಮೈಕ್ ಸರಿಯಿದೆಯೋ ಇಲ್ಲವೋ ಎರಡರೊಳಗೆ ಗೊತ್ತಾಗಬೇಕು. ಮೂರು ಎಣಿಸೋನು ಕಸುಬು ಕಲೀದೋನು" ಅನ್ನುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಿದ್ದೀರಿ. ಇವರ ಮೊಲಕ್ಕೆ ಎರಡೇ. ಇನ್ನೊಂದು ಪದ್ಧತಿಯೂ ಇತ್ತು. ಎಲ್ಲ ಜೋಡಿಸಿ, ನೋಡಿ, ಮನಸ್ಸಿಗೆ ಒಪ್ಪಿಗೆಯಾಯಿತು ಅಂದರೆ ಮಾತ್ರ ವೈರನ್ನು ಸ್ಟ್ಯಾಂಡಿನ ಕಾಲಿಗೆ ಹಳದಿ ಬಟ್ಟೆಯ ಚೂರಿನಿಂದ ಕಟ್ಟುತ್ತಿದ್ದರು. ಯಾರಾದರೂ ಎಡವಿದರೂ ಪಿನ್ನು ಕಿತ್ತು ಬರಬಾರದು ಅಂತ. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ. ಆ ಗಂಟು ಬಿದ್ದ ಮೇಲೆ ಕಾರ್ಯಕ್ರಮ ಮುಗಿಯುವ ತನಕ ಆ ವೈರ್ ಯಾರೂ ಮುಟ್ಟುವ ಹಾಗಿಲ್ಲ. ಅವರೂ ಮುಟ್ಟುತ್ತಿರಲಿಲ್ಲ.

ಮನೆಯ ಹಾಲ್‌ನಲ್ಲಿ ಅವರದೇ ಒಂದು ಸೆಟ್ಟು. ಬೆಳ್ಳಿ ಬಣ್ಣದ ಮುಖದ ಆಂಪ್ಲಿಫೈಯರು, ಸೊಂಟದೆತ್ತರದ ಎರಡು ಸ್ಪೀಕರು. ಪೆಟ್ಟಿಗೆಗಳನ್ನು ಸ್ವಂತ ಕೈಯಿಂದ ಮಾಡಿದ್ದರು. ಏನು ದನಿ ಅಂತೀರಿ! ಹಾಡುವವರು ಉಸಿರು ಎಳೆದದ್ದೂ ಕೇಳುತ್ತಿತ್ತು. ಆದರೆ ಅದನ್ನು ಮುಟ್ಟುವ ಹಕ್ಕು ಅವರೊಬ್ಬರಿಗೇ. ದೊಡ್ಡಮ್ಮನಿಗೆ ಮದುವೆಗೆ ಮುಂಚಿನಿಂದ ಇಷ್ಟವಾದ ಒಂದು ಹಾಡಿತ್ತು, ಹೆಂಗಸಿನ ದನಿ, ಹಿಂದೆ ಒಂದು ಕೊಳಲು. ಕೇಳಿದರೆ ದೊಡ್ಡಪ್ಪ "ಆಮೇಲೆ" ಅನ್ನುತ್ತಿದ್ದರು. ಎಂದೋ ಒಂದು ದಿನ ಹಾಕಿದರೂ ಕೊನೆಯ ಚರಣ ಬರುವ ಮೊದಲೇ ಗುಂಡಿ ತಿರುಗಿಸಿ ನಿಲ್ಲಿಸಿ ತಮ್ಮದನ್ನು ಹಾಕುತ್ತಿದ್ದರು. ಮೂವತ್ತನಾಲ್ಕು ವರ್ಷ! ಆ ಹಾಡಿನ ಕೊನೆಯ ಚರಣ ಆ ಸ್ಪೀಕರಿನಲ್ಲಿ ಒಂದು ಸಲವೂ ಬಂದಿರಲಿಲ್ಲ. ನನಗೆ ಇದನ್ನು ಹೇಳುವಾಗ ಈಗಲೂ ಸಿಟ್ಟು ಬರುತ್ತೆ.

ಅವರು ಹೋದ ಮೇಲೆ ದೊಡ್ಡಮ್ಮನ ಬಲಗಿವಿ ಹೋಯಿತು. ಎಡಗಿವಿ ಹೆಚ್ಚೆಂದರೆ ಇನ್ನೊಂದು ವರ್ಷ ಅಂದರು ಕಿವಿಯ ಡಾಕ್ಟರು. ಮನೆಗೆ ಬಂದವಳೇ ದೊಡ್ಡಮ್ಮ ಅಕ್ಕನಿಗೆ ಹೇಳಿದ್ದು ಒಂದೇ ಮಾತು. "ಕೇಳಿಸೋದು ನಿಲ್ಲೋದ್ರೊಳಗೆ ಆ ಹಾಡು ಪೂರ್ತಿ ಕೇಳ್ಬೇಕು ಕಣೇ. ಅದರಲ್ಲೇ." ಬೆರಳು ಸೆಟ್ಟಿನ ಕಡೆ ತೋರಿಸಿತ್ತು.

ಹಾಡೇನೋ ಫೋನಿನಲ್ಲಿ ಸಿಕ್ಕಿತು. ಫೋನಿನಿಂದ ಆ ಹಳೆಯ ಸೆಟ್ಟಿಗೆ ಹೇಗೆ ದಾಟಿಸುವುದು? ಅಕ್ಕನ ಅಂಗಡಿಯಲ್ಲಿ ಫ್ರೇಮ್ ಮಾರುವ ಒಬ್ಬರಿದ್ದಾರೆ, ಎಲ್ಲರೂ ಫ್ರೇಮಣ್ಣ ಅನ್ನುತ್ತಾರೆ. ಕೇಳಿದ್ದಕ್ಕೂ ಹೇಳುತ್ತಾರೆ, ಕೇಳದಿದ್ದಕ್ಕೂ ಹೇಳುತ್ತಾರೆ. "ಮೂರು ದಾರಿ ಇದೆ ತಂಗಿ. ಬ್ಲೂಟೂತ್ ಇದೆ, ವೈಫೈ ಡಬ್ಬಿ ಇದೆ, ಇಲ್ಲಾ ಮಾಮೂಲಿ ವೈರು. ವೈರ್ ಯಾರಿಗೆ ಬೇಕು ಈ ಕಾಲದಲ್ಲಿ?" ಅಂದರು. ಅಕ್ಕ ಬೆಂಕಿಪೊಟ್ಟಣದಷ್ಟು ಸಣ್ಣ ಬ್ಲೂಟೂತ್ ಡಬ್ಬಿ ತಂದು ಆಂಪ್ಲಿಫೈಯರಿನ ಹಿಂದೆ ಸಿಕ್ಕಿಸಿದಳು. ಅದಾಗಿ ಎರಡನೆಯ ದಿನವೇ, ಹಾಡು ಇನ್ನೂ ಹಾಕುವ ಮೊದಲೇ, ಬಾವಿಯ ಹತ್ತಿರ ಆ ದನಿ ಕೇಳಿದ್ದು.

ಡಬ್ಬಿ ಅಲ್ಲೇ ಬಿಟ್ಟು ಓಡಿದಳು. ದನಿ ಬರುತ್ತಿದ್ದದ್ದು ಅವರ ಮನೆಯಿಂದಲೇ, ಬಾವಿಯಲ್ಲಿ ಮರುದನಿ ಕೊಡುತ್ತಿತ್ತು ಅಷ್ಟೇ. ಹಾಲ್‌ನಲ್ಲಿ ದೊಡ್ಡಮ್ಮ ಸೆಟ್ಟಿನ ಎದುರು ನಿಂತಿದ್ದಳು. ಕೈಯಲ್ಲಿ ಸೌಟು.

"ಅಮ್ಮಾ... ಏನು ಹಾಕಿದ್ದೆ?"

"ನಾನೇನೂ ಹಾಕಿಲ್ಲ."

"ಮತ್ತೆ?"

"ಮೆಲ್ಲಗೆ ಮಾತಾಡು... ನಿಮ್ಮಪ್ಪ."

ಮನೆಯಲ್ಲಿ ಮೈಕೇ ಇರಲಿಲ್ಲ. ಮೈಕು, ಸ್ಟ್ಯಾಂಡು, ವೈರಿನ ಸುರುಳಿ, ಕೊನೆಗೆ ಆ ಹಳದಿ ಬಟ್ಟೆ ಚೂರುಗಳೂ ಸೇರಿ ಕಸುಬಿನ ಸಾಮಾನೆಲ್ಲ ಇನ್ನೊಬ್ಬ ಮೈಕ್‌ಸೆಟ್‌ನವರ ಪಾಲಾಗಿತ್ತು. ಮಾರನೆಯ ದಿನ ಫ್ರೇಮಣ್ಣ ನಕ್ಕರು. "ಗಾಳೀಲಿ ಬರೋದಲ್ವಾ ತಂಗಿ, ಪಕ್ಕದ ಮನೆಯವರ ಫೋನ್ ತಗಲಿಕೊಂಡಿರುತ್ತೆ. ನನ್ನ ಹತ್ರ ಒಂದು ವೈಫೈ ಡಬ್ಬಿ ಇದೆ. ಪಾಸ್‌ವರ್ಡ್ ಇಲ್ದೆ ನೊಣಾನೂ ಒಳಗೆ ಬರಲ್ಲ" ಅಂದರು. ಅಂದವರು ಸಂಜೆ ಬಂದು ತಾವೇ ಜೋಡಿಸಿದರು.

ಹಾಡು ಶುರುವಾಯಿತು. ದೊಡ್ಡಮ್ಮ ಎಡಗಿವಿ ಮುಂದೆ ಮಾಡಿ ಕೂತಳು. ಮೊದಲ ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ಕೊಳಲು ಎದ್ದು ಇಳಿಯಿತು... ಇನ್ನೇನು ಕೊನೆಯ ಚರಣ...

ಕಟಕ್.

ಆ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿ ಹಳೆಯ ಕಾಲದ್ದು. ಕೈಯಿಂದ ತಿರುಗಿಸಿದರೆ ಒಂದೊಂದೇ ಹಲ್ಲು ದಾಟಿ ಕಟಕ್ ಕಟಕ್ ಅನ್ನುತ್ತೆ. ವೈಫೈಗೂ ಅದಕ್ಕೂ ಸಂಬಂಧವೇ ಇಲ್ಲ. ಮೂರು ಜನ ನೋಡುತ್ತಿದ್ದ ಹಾಗೇ ಅದು ತಿರುಗಿತು. ಕಟಕ್... ಕಟಕ್... ಕಟಕ್. ಸೊನ್ನೆಗೆ ಬಂದು ನಿಂತಿತು. ಹಾಡು ಇಲ್ಲ.

ಫ್ರೇಮಣ್ಣ ಡಬ್ಬಿ ಕಿತ್ತು ಚೀಲಕ್ಕೆ ಹಾಕಿಕೊಂಡು "ಮನೇಲಿ ಕಾಯ್ತಿರ್ತಾರೆ" ಅಂತ ಹೊರಟರು. ಅವರಿಗೆ ಮದುವೆಯೇ ಆಗಿಲ್ಲ, ಒಬ್ಬರೇ ಇರುವುದು.

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ದೊಡ್ಡಪ್ಪನನ್ನು ಸುಟ್ಟು ಎಂಟು ತಿಂಗಳಾದರೂ ಗುಣ ಮನೆಯಲ್ಲೇ ಇತ್ತು.

ಅಕ್ಕ ಹೆದರಿಬಿಟ್ಟಳು. "ಅಮ್ಮಾ, ಇದು ಬೇಡ. ಅಡುಗೆಮನೆಗೆ ಒಂದು ಸಣ್ಣ ಸ್ಪೀಕರ್ ತರ್ತೀನಿ. ಹಾಡು ಅದೇ ಅಲ್ವಾ?" ಅಂದಳು.

ದೊಡ್ಡಮ್ಮ ಅವಳ ಮುಖ ನೋಡಿದಳು. "ಮೂವತ್ನಾಲ್ಕು ವರ್ಷ ಇದರ ಧೂಳು ಒರೆಸಿದ್ದು ಯಾರು?"

"ನೀನೇ."

"ಹಂಗಾದ್ರೆ ಇದರಲ್ಲೇ ಕೇಳ್ತೀನಿ. ವೈರ್ ತಗೊಂಡು ಬಾ."

"ವೈರಾ?"

"ಹೂಂ. ಗಾಳೀಲಿ ಬಂದ್ರೆ ಅವರು ಎಲ್ಲಿ ಅಡ್ಡ ನಿಲ್ತಾರೋ ನನಗೆ ಕಾಣ್ಸಲ್ಲ. ವೈರ್ ಆದ್ರೆ ನಾನೇ ಹಿಡ್ಕೊಂಡು ಕೂತ್ಕೋತೀನಿ. ಅದ್ಹೆಂಗೆ ತಡೀತಾರೋ ನೋಡೇಬಿಡೋಣ."

ಮೂರು ದಾರಿಯಲ್ಲಿ ದೊಡ್ಡಮ್ಮ ಆರಿಸಿದ್ದು ಹೀಗೆ. ಫ್ರೇಮಣ್ಣನಿಗೆ ಹೊಳೆಯದ ಕಾರಣ ಅವಳಿಗೆ ಹೊಳೆಯಿತು.

ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಹಾಡುಹಗಲು. ದೆವ್ವಕ್ಕೆ ರಾತ್ರಿಯೇ ಬೇಕು ಅನ್ನುವವರಿಗೆ ದೊಡ್ಡಪ್ಪನ ಪರಿಚಯ ಇಲ್ಲ. ಅಕ್ಕ ಒಂದು ತುದಿಯನ್ನು ಆಂಪ್ಲಿಫೈಯರಿನ ಹಿಂದೆ, ಇನ್ನೊಂದನ್ನು ಫೋನಿಗೆ ಸಿಕ್ಕಿಸಿದಳು. ದೊಡ್ಡಮ್ಮ ಸ್ಟೂಲ್ ಎಳೆದುಕೊಂಡು ಸೆಟ್ಟಿನ ಪಕ್ಕದಲ್ಲೇ ಕೂತಳು. ಎಡಗೈಯಲ್ಲಿ ವೈರು. ಸೀರಿಯಲ್ ನೋಡಲು ಕೂತವಳ ಹಾಗೆ ಆರಾಮಾಗಿದ್ದಳು.

ಟಪ್... ಸ್ವಿಚ್. ಝುಂ... ಸ್ಪೀಕರಿನ ಸಣ್ಣ ಗುನುಗು. ಹಾಡು.

ಮೊದಲ ಚರಣ. ಎರಡನೆಯದು. ಕೊಳಲು ಎದ್ದಿತು... ಇಳಿಯಿತು...

ಕಟಕ್.

ದೊಡ್ಡಮ್ಮ ಬಲಗೈ ಎತ್ತಿ ಗುಂಡಿಯ ಮೇಲೆ ಒತ್ತಿ ಇಟ್ಟಳು. "ಥಣ್ಣಗಿತ್ತು ಕಣೇ, ಐಸ್ ಮುಟ್ಟಿದ ಹಾಗೆ" ಅಂತ ಆಮೇಲೆ ನನಗೇ ಹೇಳಿದ್ದಾಳೆ. ಗುಂಡಿ ತಿರುಗಲು ನೋಡಿತು. ಅವಳ ಕೈ ಬಿಡಲಿಲ್ಲ.

ಆಗ ವೈರು ಬಿಗಿಯಾಯಿತು. ಆಂಪ್ಲಿಫೈಯರಿನ ಹಿಂದೆ ಗೋಡೆಯ ಕಡೆಯಿಂದ ಯಾರೋ ಎಳೆದರು. ಅಲ್ಲಿ ಒಂದು ಗೇಣು ಜಾಗವೂ ಇಲ್ಲ... ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ದೊಡ್ಡಮ್ಮ ವೈರನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ತಾನೂ ಎಳೆದಳು.

ಹಾಡು ನಿಂತಿತು. ಸ್ಪೀಕರಿನಿಂದ ಉಸಿರು.

ಫೂ... ಫೂ... "ಹಲೋ... ಒಂದು... ಎರಡು..."

ದೊಡ್ಡಮ್ಮ ಸ್ಪೀಕರಿನ ಬಟ್ಟೆಗೆ ಬಾಯಿ ಹತ್ತಿರ ತಂದಳು. ಪಿಸುಗುಟ್ಟಿದಳು.

"ಮೂರು."

ಸ್ಪೀಕರಿನ ಉಸಿರು ನಿಂತಿತು.

"ಮೂರು ಕಣ್ರೀ. ನಾಲ್ಕು. ಐದು. ನಿಮ್ಮ ಎಣಿಕೆ ಮುಗೀತು, ಇನ್ನು ನನ್ನದು." ದೊಡ್ಡಮ್ಮನ ದನಿ ನಡುಗಲಿಲ್ಲ ಅಂತಾಳೆ ಅಕ್ಕ. "ಇಷ್ಟು ವರ್ಷ ನೀವು ಹಾಕಿದ್ದನ್ನ ನಾನು ಕೇಳ್ದೆ. ಇವತ್ತು ನಾನು ಹಾಕಿದ್ದನ್ನ ನೀವು ಕೇಳಿ. ಕೇಳೋಕಾಗ್ದಿದ್ರೆ ಬಾಗಿಲು ಅಲ್ಲಿದೆ. ಈ ಕಿವಿ ಹೋಗ್ತಿದೆ ರೀ... ಬಿಡ್ರೀ ವೈರು."

ಹೊರಗೆ ಯಾರದೋ ಸೈಕಲ್ ಗಂಟೆ ಟ್ರಿಣ್ ಅಂತು. ಆಮೇಲೆ... ವೈರು ಸಡಿಲವಾಯಿತು. ಇಂಚಿಂಚಾಗಿ, ಯಾರೋ ಕೈಯಿಂದ ಬಿಟ್ಟ ಹಾಗೆ.

ಹಾಡು ನಿಂತಲ್ಲಿಂದಲೇ ಮುಂದುವರಿಯಿತು. ಕೊನೆಯ ಚರಣ ಬಂತು. ಆ ಹೆಂಗಸು ಉಸಿರು ಎಳೆದದ್ದು, ಕೊನೆಯ ಸಾಲನ್ನು ಎರಡು ಸಲ ಹಾಡಿದ್ದು, ಕೊಳಲು ಒಂಟಿಯಾಗಿ ಉಳಿದದ್ದು, ಎಲ್ಲವೂ ಆ ಸ್ಪೀಕರಿನಲ್ಲಿ ಬಂತು. ದೊಡ್ಡಮ್ಮ ಎಡಗಿವಿಯನ್ನು ಪೆಟ್ಟಿಗೆಗೆ ಆನಿಸಿಕೊಂಡು ಕೇಳಿದಳು. ಕಣ್ಣಿಂದ ನೀರು ಧಾರಾಕಾರ. ಅಕ್ಕನೂ ಅತ್ತಳು.

ಮುಗಿದ ಮೇಲೆ ದೊಡ್ಡಮ್ಮ ಮೂಗು ಒರೆಸಿಕೊಂಡು, "ಕೊನೇ ಚರಣ ಅಷ್ಟೇನೂ ಚೆನ್ನಾಗಿಲ್ಲ ಕಣೇ" ಅಂದಳು. "ಮೊದಲಿಂದ ಹಾಕು."

ಅವತ್ತು ಏಳು ಸಲ ಹಾಕಿದರು.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಧೂಳು ಒರೆಸಲು ಹೋದಳು. ಹೋದವಳು ಅಕ್ಕನನ್ನು ಕರೆದಳು, ಅಕ್ಕ ನನಗೆ ಫೋನ್ ಮಾಡಿದಳು, ನಾನು ಬೆಳಗಿನ ತಿಂಡಿಯನ್ನೂ ಬಿಟ್ಟು ಹೋದೆ. ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಆಂಪ್ಲಿಫೈಯರಿನ ಹಿಂದಿನ ಕಾಲಿಗೆ ಆ ವೈರನ್ನು ಕಟ್ಟಿತ್ತು. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ.

ಅಕ್ಕನಿಗೆ ಆ ಗಂಟು ಬರುವುದಿಲ್ಲ. ದೊಡ್ಡಮ್ಮನ ಬೆರಳುಗಳಲ್ಲಿ ವಾತ, ಅವಳಿಗೆ ಚಪ್ಪಲಿಯ ಪಟ್ಟಿ ಹಾಕುವುದೇ ಕಷ್ಟ. ನಾನು "ದೊಡ್ಡಪ್ಪ ಒಪ್ಪಿಕೊಂಡ್ರು ಅನ್ಸುತ್ತೆ" ಅಂದದ್ದಕ್ಕೆ ದೊಡ್ಡಮ್ಮ ಗದರಿದಳು. "ಅವರ ಒಪ್ಪಿಗೆ ಕೇಳಿದ್ದು ಯಾರು? ಕಟ್ಟಿದ್ರೆ ಕಟ್ಲಿ. ಹಾಡು ಮಾತ್ರ ನಾನೇ ಹಾಕೋದು."

ಈಗ ಅವಳ ಎಡಗಿವಿಯೂ ಹೋಗಿದೆ. ಆದರೂ ದಿನಾ ಮೂರು ಗಂಟೆಗೆ ಹಾಡು ಹಾಕಿ, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಕೂರುತ್ತಾಳೆ. ವೈರು ಒಂದು ದಿನವೂ ಕಿತ್ತು ಬಂದಿಲ್ಲ. ಬೇಕಾದರೆ ನಾಳೆ ನನ್ನ ಜೊತೆ ಬನ್ನಿ, ತೋರಿಸುತ್ತೇನೆ. ನನ್ನ ಕಣ್ಣಾಣೆ, ಗಂಟು ಇವತ್ತಿಗೂ ಅಲ್ಲೇ ಇದೆ... ಹಳದಿ ಬಟ್ಟೆಯ ಚೂರು.