ಬಾಟಲಿಯಲ್ಲಿ ಬಂದ ಹುಳಗಳು

ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕಕ್ಕೇ ಇಬ್ಬರು ಹೆಂಗಸರು ಕೂತಿದ್ದರು. ಮುಂಡಗೋಡ ಕಡೆಯ ಗಂಗಿಬಾಯಿ, ಮುಚ್ಚಳಕ್ಕೆ ತೂತು ಹೊಡೆದ ಉಪ್ಪಿನಕಾಯಿ ಬಾಟಲಿಯೊಂದನ್ನು ದಾಂಡೇಲಿಯ ಶಂಕ್ರೆವ್ವನ ಕೈಗಿಟ್ಟಳು.

“ಅಯ್ಯ, ಖರೇನ ಹುಳಾ ತಂದಿ ನೋಡ!”

“ಹೆದರಬ್ಯಾಡ್ರಿ ಅಕ್ಕಾರ. ಕಾಂಗ್ರೆಸ್ ಕಸಾ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ ಇವು. ನಮ್ಮ ತಾಂಡೇದಾಗ ಒಂದ ಎಲಿ ಉಳಿಸಿಲ್ಲ.”

“ನಮ್ಮಲ್ಲೂ ಇದ್ದವು. ಈ ವರ್ಷ ಒಂದೂ ಕಂಡಿಲ್ಲ.”

“ಮೊದಲ ಕಸಾ, ಹುಳಾ ಎರಡೂ ಒಂದ ಮಳಿಗೆ ಏಳತಿದ್ದವು. ಈಗ ಅಡ್ಡಮಳಿಗೆ ಕಸಾ ಎದ್ದುಬಿಡತೈತಿ. ಖರೇ ಮಳಿ ತಡಾ ಆದ್ರ ಹುಳಾ ಮಣ್ಣಾಗ ಮಲಗಿರತೈತಿ.”

“ನಮ್ಮಲ್ಲಿ ಕಸಾ ಎದಿಮಟ ಬೆಳದೈತಿ. ಅದರ ಗಾಳಿಗೆ ನಮ್ಮ ಮನಿಯವರ ಮಾರಿ ಬಾತು ಕಣ್ಣ ತೆರಿಯಾಕ ಬರವಲ್ದು. ಊರ ಬಿಡ್ರಿ ಅಂದಾರ ಡಾಕ್ಟರು. ನೀ ಪುಣ್ಯಾ ಕಟಗೊಂಡಿ, ನಮ್ಮವ್ವ. ಬಾಟಲಿ ಖಾಲಿ ಕೊಡಬಾರದು, ಉಂಡಿ ತುಂಬಿ ಕಳಸ್ತೇನಿ.”

“ಉಂಡಿ ಬ್ಯಾಡ್ರಿ. ಬರೂ ವರ್ಷ ನಮ್ಮ ಮಳಿ ಕೈಕೊಟ್ರ ಇವುಗಳ ಮಕ್ಕಳನ್ನ ತುಂಬಿ ಕಳಸ್ರಿ.”

“ಎರಡೂ ಕಳಸ್ತೇನಿ. ಉಂಡಿ ಬ್ಯಾರೆ ಡಬ್ಬಿಯಾಗ!”

ದಾಂಡೇಲಿ ಬಸ್ಸು ಬಂತು. ಶಂಕ್ರೆವ್ವ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗದ್ದಲದೊಳಗೆ ನುಗ್ಗಿದಳು.

“ದೂಡಬ್ಯಾಡ್ರೋ, ನಮ್ಮ ಮನಿಯವರ ಔಷಧ ಐತಿ!”