ಗಾಳಿ ಹೊತ್ನಲ್ಲಿ ಕೆಂಡ ಕೊಡದ ಅತ್ತೆ

...ನಗ್ರಿ, ನಗ್ರಿ ಐಕ್ಳಾ. ಬ್ಯಾಸ್ಗೆ ಬಂದ್ರೆ ಅಜ್ಜಿ ಗುಡಾಣಕ್ಕೆ ನೀರು ತುಂಬ್ಸು ತುಂಬ್ಸು ಅಂತ ಪ್ರಾಣ ತಿಂತಾಳೆ ಅಂತೀರಲ್ಲ, ನಮ್ಮತ್ತೇನ ನೋಡಿದ್ರೆ ಏನಂತಿದ್ರೋ! ಆಗ ಈ ನಮ್ ಹರವೆ ಊರಲ್ಲಿ ಎಲ್ಲಾರ್ದೂ ಹುಲ್ಲಿನ ಸೂರು ಕಣ. ಬೆಂಕಿಪೊಟ್ಣ ಎಲ್ಲಿತ್ತು? ಅಲ್ಲಲ್ಲ, ಇತ್ತು, ದೀಪ ಹಚ್ಚಕ್ಕೆ ಅಂತ ಎತ್ತಿಡೋರು. ಒಲೆಗೆ ಮಾತ್ರ ಪಕ್ಕದ್ಮನೆಗೋಗಿ ಕರಟದಲ್ಲಿ ಕೆಂಡ ಈಸ್ಕಂಡು ಬರೋದು. ನಮ್ಮತ್ತೆ ಗಾಳಿ ಎದ್ರೆ ಸಾಕು, ಯಾರಿಗೂ ಕೆಂಡ ಕೊಡ್ತಿರ್ಲಿಲ್ಲ. "ನನ್ನೊಲೇಲೇ ಎಸರಿಡವ್ವ, ಬೇಕಾದ್ರೆ ಹಿಟ್ಟೂ ತೊಳಸ್ಕೊಡ್ತೀನಿ. ಕೆಂಡ ಮಾತ್ರ ಬೀದಿಗೆ ಬ್ಯಾಡ" ಅನ್ನೋಳು. ಕೆಂಡಕ್ಕೂ ಜಿಪುಣಿ ಅಂತ ಕೇರಿ ಹೆಂಗಸ್ರೆಲ್ಲ ಆಡ್ಕಳರು. ಅದೂ ಸಾಲ್ದು ಅಂತ ಆಗಷ್ಟೇ ಬಾಣಂತನ ಮುಗ್ಸಿದ್ ಸೊಸೆ ನಾನು, ನನ್ ಕೈಲಿ ದಿನಾ ಸೂರಿನ ಕೆಳಗೆ ಗುಡಾಣ ತುಂಬ್ಸೋಳು, ಏಣಿ ಒರಗ್ಸೋಳು. ನಂಗೆ ಸೊಂಟ ಬಿದ್ದೋಗೋದು. "ಎಲ್ಲಿ ಬೆಂಕಿ ಅತ್ತೆ, ಸುಮ್ಕೆ ಯಾಕೆ?" ಅಂದ್ರೆ, "ಬೆಂಕಿ ಬೀಳ್ದಿದ್ರೆ ಒಳ್ಳೇದೇ ಅಲ್ವೇನಮ್ಮಿ, ಆ ನೀರ ಸಂಜೆ ಎಮ್ಮೆಗೆ ಕುಡ್ಸು" ಅನ್ನೋಳು.

ಒಂದಿನ ಮಟಮಟ ಮಧ್ಯಾನ. ನಮ್ಮನೆ ಗಂಡಸ್ರು ಈರುಳ್ಳಿ ಗಾಡಿ ಕಟ್ಕಂಡು ಗುಂಡ್ಲುಪೇಟೆಗೆ ಓಗವ್ರೆ. ಪಕ್ಕದ್ಮನೆ ಗೌರಕ್ಕ, ಪಾಪ ಒಳ್ಳೇವ್ಳೇ ಕಣ, ನಮ್ಮತ್ತೆ ಕೊಡಲ್ಲ ಅಂತ ಆಚೆಮನೇಲಿ ಕೆಂಡ ಈಸ್ಕಂಡು ನಮ್ ಬಾಗ್ಲ ಮುಂದೇನೇ ಬತ್ತಾವ್ಳೆ, ಬುರ್ರಂತ ಗಾಳಿ ಬಂತು ನೋಡು, ಕಿಡಿ ಓಗಿ ನಮ್ ಸೂರಿಗೆ ಬಿತ್ತು! ಬಾಗ್ಲ ಮೇಲೇ ಉರಿ. ಒಳಗೆ ತೊಟ್ಲಲ್ಲಿ ನನ್ ಮೊಗ. ನಾನು ಆಚೆ ನಿಂತಿವ್ನಿ, ಅಯ್ಯೋ ನಮ್ಮಪ್ಪಾ! ಊರೋರೆಲ್ಲ ಬಾವಿಗೆ ಓಡಿದ್ರು. "ಹಗ್ಗ ಎಲ್ಲಿ?" "ಬಿಂದ್ಗೆ ತತ್ತಾರೋ!" ಬರೀ ಕೂಗಾಟ. ನಮ್ಮತ್ತೆ ನೋಡು, ಸೀರೆ ಎತ್ತಿ ಕಟ್ಟಿ ಏಣಿ ಅತ್ಬುಟ್ಲು. "ನೀರು ಮೊಗ್ದು ಕೊಡಮ್ಮಿ!" ಅಂದ್ಲು. ನಾನು ಕೊಡ್ತಾ ಇದ್ದೆ, ಅವಳು ಉಯ್ತಾ ಇದ್ಲು, ಉರಿಯೋ ಹುಲ್ಲ ಕಿತ್ತು ಬೀದಿಗೆ ಎಸೀತಾ ಇದ್ಲು. ಉರಿ ಆರ್ತಿದ್ದಂಗೆ ಒಳಕ್ಕೆ ನುಗ್ದೆ. ಮೊಗ ಮೈಯೆಲ್ಲಾ ಬೂದಿ ಮೆತ್ಕಂಡು ಕಾಲಾಡಿಸ್ತಾ ಮಲ್ಗದೆ! ಅಪ್ಪಿಕಂಡು ಗೋಳೋ ಅಂತ ಅತ್ಬುಟ್ಟೆ.

ಆಮೇಲೆ ಬಂದ್ರಪ್ಪ ಊರೋರು, ಬಿಂದ್ಗೆ ಒತ್ಕಂಡು. ನಮ್ಮತ್ತೆ ಏಣಿ ಮೇಲಿಂದ್ಲೇ, "ತಂದಿದೀರಲ್ಲ, ಆ ಗುಡಾಣಕ್ಕೆ ಉಯ್ರಿ. ನಾಳೇನೂ ಗಾಳಿ ಬೀಸ್ತದೆ" ಅಂದ್ಲು. ಗೌರಕ್ಕ ಕಾಲಿಗೆ ಬಿದ್ರೆ, "ಏಳೇ, ಇನ್ನೂ ಒಲೆ ಹಚ್ಚಿಲ್ವಲ್ಲ, ಬಾ ಎಸರಿಡು" ಅಂದ್ಲು ಪುಣ್ಯಾತ್ಗಿತ್ತಿ.

ಆ ತೊಟ್ಲಲ್ಲಿದ್ದೋನೇ ನಿಮ್ಮಪ್ಪ ಕಣ್ಲಾ. ಬೆಂಕಿ ಬಿದ್ಮೇಲೆ ಓಡ್ಬರಕ್ಕೆ ಊರೇ ಅದೆ, ಬೀಳ್ದಂಗೆ ನೋಡ್ಕಳೋಳು ಮಾತ್ರ ದಿನಾ ಬೈಸ್ಕಬೇಕು. ಬೈಸ್ಕತೀನಿ ಬುಡು. ಏಳು, ಗುಡಾಣ ತುಂಬ್ಸು.